ಮೀಟರ್ ಸರಿ ಅಂದಿತ್ತು, ಅಕ್ಕ ಇಲ್ಲ ಅಂದಿದ್ದಳು

“ಮೇಡಂ, ಮೀಟರ್‌ನಲ್ಲಿ 12.5 ಬರ್ತಿದೆ. ಬ್ಯಾಟರಿ ಚೆನ್ನಾಗಿದೆ. ನಿಮಗೆ ಹಾಗೆ ಅನಿಸ್ತಿದೆ ಅಷ್ಟೇ.”

ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಮಾತು ಓಡುತ್ತಿದೆ. ಹೇಳಿದ್ದು ಸರ್ವಿಸ್ ಸೆಂಟರಿನ ಹುಡುಗ, ಹೇಳಿಸಿಕೊಂಡದ್ದು ನನ್ನ ಅಕ್ಕ. ಅದಾಗಿ ವಾರ ತುಂಬುವ ಮೊದಲೇ ಕಾರು ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಅವಳ ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

ಅಕ್ಕ ಆ ಹುಡುಗನಿಗೆ ಏನು ಹೇಳಿದ್ದಳು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಯಾರೂ ಪೂರ್ತಿ ಕೇಳಲಿಲ್ಲ. “ಬೆಳಿಗ್ಗೆ ಕೀ ತಿರುಗಿಸಿದ್ರೆ ಮೊದಲಿನ ಹಾಗೆ ತಟ್ಟನೆ ಸ್ಟಾರ್ಟ್ ಆಗಲ್ಲ, ಎಳೀತದೆ. ಆಗ ಒಳಗಿನ ಲೈಟು ಒಂದು ಕ್ಷಣ ಆರಿ ಹತ್ತಿದ ಹಾಗಾಗುತ್ತೆ. ಸಿಗ್ನಲ್‌ನಲ್ಲಿ ನಿಂತಾಗ ಕಿಟಕಿ ಗಾಜು ನಿಧಾನಕ್ಕೆ ಏರುತ್ತೆ, ಗಾಡಿ ಓಡ್ತಿದ್ರೆ ಸರಿ ಇರುತ್ತೆ. ಮೊನ್ನೆ ಗಡಿಯಾರ ತಾನಾಗೇ ರೀಸೆಟ್ ಆಗಿತ್ತು.”

ಇದಕ್ಕಿಂತ ಚೆನ್ನಾಗಿ ಹೇಳಲು ಯಾರಿಗೆ ಸಾಧ್ಯ? ಸ್ಟಾರ್ಟರ್ ಮೋಟಾರಿಗೆ ಇಂಜಿನ್ ತಿರುಗಿಸಲು ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕರೆಂಟ್ ಬೇಕು. ಸೋತ ಬ್ಯಾಟರಿಗೆ ಅದನ್ನು ಕೊಡಲು ಆಗುವುದಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಲೈಟು ಮಂಕಾಗುತ್ತದೆ, ಗಡಿಯಾರ ಎಲ್ಲ ಮರೆಯುತ್ತದೆ. ಇಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್. ಸಿಗ್ನಲ್‌ನಲ್ಲಿ ನಿಂತಾಗ ಅದು ಕಡಿಮೆ ಕರೆಂಟ್ ಕೊಡುತ್ತದೆ, ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು. ಕೊಡದಿದ್ದರೆ ಗಾಜು ತೆವಳುತ್ತದೆ. ಅಕ್ಕ ಹೇಳಿದ ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಅವಳಿಗೆ ಆಂಪಿಯರ್ ಲೆಕ್ಕ ಗೊತ್ತಿಲ್ಲ, ನಿಜ. ಆದರೆ ಆ ಗಾಡಿಯನ್ನು ದಿನಾ ಓಡಿಸುವವಳು ಅವಳೇ ಅಲ್ವಾ?

ಹುಡುಗ ಬಾನೆಟ್ ಎತ್ತಿದ. ಮೀಟರಿನ ಎರಡು ಕಡ್ಡಿ ಮುಟ್ಟಿಸಿದ. ನಂಬರ್ ನೋಡಿದ. ಆಮೇಲೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, “ಸರ್, ಏನೂ ಪ್ರಾಬ್ಲಂ ಇಲ್ಲ” ಅಂದ. ಗಾಡಿ ಅವಳದು, ದೂರು ಅವಳದು, ಉತ್ತರ ಮಾತ್ರ ನನಗೆ! ಲೋಡ್ ಟೆಸ್ಟ್ ಮಾಡಿ, ಅಂದರೆ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ವೋಲ್ಟೇಜ್ ನಿಲ್ಲುತ್ತದಾ ನೋಡಿ ಅಂತ ನಾನೂ ಕೇಳಿದೆ. “ಅದೆಲ್ಲ ಬೇಕಾಗಲ್ಲ ಸರ್” ಅಂದ.

12.5 ಅನ್ನುವುದು ಸುಳ್ಳಲ್ಲ. ಕಾರಿನ ಸೀಸದ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ, ಅರ್ಧ ಖಾಲಿಯಾದರೆ 12.2ರ ಹತ್ತಿರ ಬರುತ್ತದೆ. ಅಂದರೆ ಎಷ್ಟು ಚಾರ್ಜ್ ಇದೆ ಅನ್ನುವುದು ಈ ನಂಬರಿನಿಂದ ಗೊತ್ತಾಗುತ್ತದೆ. ಎಷ್ಟು ತಾಕತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿದ್ದರೂ ಸುಮ್ನೆ ನಿಂತ ಗಾಡಿಯಲ್ಲಿ ಬ್ಯಾಟರಿ 12.5 ತೋರಿಸಬಹುದು. ಕುರ್ಚಿಯಲ್ಲಿ ಕೂತವರ ನಾಡಿ ಹಿಡಿದು ‘ನೀವು ಬೆಟ್ಟ ಹತ್ತಬಹುದು’ ಅಂದ ಹಾಗಾಯಿತು ಇದು.

ಪಾರ್ಕಿಂಗ್‌ನಲ್ಲಿ ಕೀ ತಿರುಗಿಸಿದಾಗ ಬಂದದ್ದು ಬರೀ ಟಕ ಟಕ ಟಕ ಟಕ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆ ತಾಳಕ್ಕೆ ಮಿನುಗುತ್ತಿದ್ದವು. ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ವೋಲ್ಟೇಜ್ ಬಿದ್ದು ಕೈಬಿಡುತ್ತದೆ, ಮತ್ತೆ ಎಳೆಯುತ್ತದೆ. ಆ ಸದ್ದು ಅದು. ಕಾವಲಿನವರು ಬಂದು “ತಳ್ಳೋಣ” ಅಂದರು. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಆದರೆ ಆಟೋಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ.

ಆಗ ಪಕ್ಕದ ಕಾರಿನವರೊಬ್ಬರು ತಾವಾಗೇ ಜಂಪರ್ ಕೇಬಲ್ ತಂದರು. ಕೆಂಪು ಕ್ಲಿಪ್ ಮೊದಲು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಕ್ಲಿಪ್ ಅವರ ಮೈನಸ್‌ಗೆ. ಉಳಿದ ಕೊನೆಯ ಕಪ್ಪು ಕ್ಲಿಪ್ಪನ್ನು ನಮ್ಮ ಬ್ಯಾಟರಿಯ ಮೈನಸ್‌ಗೇ ಹಾಕಲು ಹೋದರು. ಅಕ್ಕ ತಡೆದಳು. “ಅಣ್ಣಾ, ಅಲ್ಲಿ ಬೇಡ. ಬ್ಯಾಟರಿಯಿಂದ ದೂರ, ಈ ಇಂಜಿನ್ ಲೋಹಕ್ಕೆ ಹಾಕಿ. ಕಿಡಿ ಹಾರಿದ್ರೆ ಕಷ್ಟ.” ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯಬಹುದು. ಅವರು ಒಂದು ಕ್ಷಣ ಅವಳ ಮುಖ ನೋಡಿ, “ಹೌದಲ್ಲಮ್ಮ” ಅಂತ ಕ್ಲಿಪ್ ಬದಲಾಯಿಸಿದರು. ಅಷ್ಟೇ. ಗುರುತಿಲ್ಲದ ಮನುಷ್ಯ, ಒಂದೇ ಮಾತಿಗೆ ಕೇಳಿದರು. ಅವರ ಮೇಲೆ ನನಗೆ ಎಷ್ಟು ಗೌರವ ಬಂತು ಅಂದರೆ, ಹೆಸರು ಕೇಳಲಿಲ್ಲವಲ್ಲ ಅಂತ ಈಗಲೂ ಅನಿಸುತ್ತಿದೆ.

ಅಲ್ಲಿಂದ ನೇರ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆವು. ವಯಸ್ಸಾದವರು. ಮೊದಲು ಕೇಳಿದ್ದು “ಎಷ್ಟು ದಿನದಿಂದ ಹೀಗಾಗ್ತಿದೆಯಮ್ಮ?” ಅಂತ. ಅಕ್ಕ ಹೇಳುವ ತನಕ ಸ್ಪ್ಯಾನರ್ ಕೆಳಗಿಟ್ಟು ನಿಂತರು. ಆಮೇಲೆ ಬ್ಯಾಟರಿಯ ಪಕ್ಕ ಕೈ ಸವರಿ, “ಇಲ್ಲಿ ನೋಡಿ” ಅಂದರು. ಪ್ಲಾಸ್ಟಿಕ್ ಸ್ವಲ್ಪ ಉಬ್ಬಿತ್ತು, ಬೆರಳಿಗೆ ತಿಳಿಯುವಷ್ಟು. ಮೈನಸ್ ಟರ್ಮಿನಲ್ ಬುಡದಲ್ಲಿ ಬಿಳಿ ಪುಡಿ ಕೂತಿತ್ತು. ಲೋಡ್ ಟೆಸ್ಟರ್ ಹಚ್ಚಿ ಗುಂಡಿ ಒತ್ತಿದರು. ಒಳ್ಳೆ ಬ್ಯಾಟರಿಯಾದರೆ ಮುಳ್ಳು 9.6ರ ಮೇಲೆ ನಿಲ್ಲಬೇಕು. ಇದು ಹಾಗೇ ಜಾರಿ 8ಕ್ಕೂ ಕೆಳಗೆ ಹೋಯಿತು. ಅಕ್ಕ ಆ ಮುಳ್ಳನ್ನೇ ನೋಡುತ್ತಿದ್ದಳು. “ನಾನು ಹೇಳಿದ್ದೆ” ಅಂತ ಅವಳು ಅನ್ನಲಿಲ್ಲ. ನನಗೆ ಆ ಮಾತು ಗಂಟಲ ತನಕ ಬಂದಿತ್ತು.

ಹೊಸದು ಹಾಕಿದ ಮೇಲೆ ಇಂಜಿನ್ ಓಡುವಾಗಲೂ ಅಳೆದರು. 14.2 ಬಂತು, ಆಲ್ಟರ್ನೇಟರ್ ಸರಿ ಇದೆ. ಇದನ್ನು ನೋಡದೆ ಬ್ಯಾಟರಿ ಬದಲಿಸಿದರೆ ಹೊಸದೂ ಕೆಲವೇ ದಿನಕ್ಕೆ ಖಾಲಿಯಾಗಬಹುದು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಇರುತ್ತದಲ್ಲ, ಅದು ಹತ್ತಿಲ್ಲ ಅಂದರೆ ಬ್ಯಾಟರಿ ಚೆನ್ನಾಗಿದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಹತ್ತುವುದು ಚಾರ್ಜಿಂಗ್ ಕೆಟ್ಟಾಗ. ಹಳೇ ಬ್ಯಾಟರಿ ಸಾಯುವಾಗ ಆ ದೀಪ ಏನೂ ಹೇಳದೆ ಇರಬಹುದು, ನಮ್ಮದರಲ್ಲಿ ಆದದ್ದೂ ಅದೇ. ಸಾಮಾನ್ಯವಾಗಿ ಇವುಗಳ ಆಯಸ್ಸು 3ರಿಂದ 5 ವರ್ಷ. ಬಿಸಿಲಿಗೆ ಒಳಗೇ ಸವೆದು, ಚಳಿ ಬಂದಾಗ ಕೈಕೊಡುವುದೂ ಉಂಟು.

ಮನೆಗೆ ಬಂದು ಮೊದಲಿನ ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್ ತೆಗೆದು ನೋಡಿದೆ. ಅಕ್ಕನ ದೂರಿನ ಜಾಗದಲ್ಲಿ ಇದ್ದದ್ದು ‘ಬ್ಯಾಟರಿ ಚೆಕ್’. ಅದರ ಮುಂದೆ ‘ಓಕೆ’. ಲೈಟು ಆರಿದ್ದು, ಗಾಜು ತೆವಳಿದ್ದು, ಗಡಿಯಾರ ಮರೆತದ್ದು, ಯಾವುದೂ ಇಲ್ಲ. ಕಲಿತ ಹುಡುಗನೇ ಇರಬಹುದು ಅವನು. ಆದರೆ ಹೇಳುವವರ ಮಾತು ಬರೆದುಕೊಳ್ಳದೆ ಏನು ಹುಡುಕಲು ಹೊರಟಿದ್ದ? ಎಷ್ಟು ಹೆಣ್ಣುಮಕ್ಕಳು, ಎಷ್ಟು ವಯಸ್ಸಾದವರು ಹೀಗೆ ಕೌಂಟರಿನಿಂದ ವಾಪಸ್ ಬಂದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಅಕ್ಕನಿಗೆ ಅವನ ಮೇಲೆ ನನ್ನಷ್ಟು ಕೋಪವಿಲ್ಲ. ಮುಂದಿನ ಸಲ ತಾನು ಹೇಳಿದ್ದನ್ನು ಹೇಳಿದ ಹಾಗೇ ಜಾಬ್ ಕಾರ್ಡಿನಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಕೀ ಕೊಡುತ್ತಾಳಂತೆ.