ಬೆನ್ನು ಮುಟ್ಟಿ ಖೋ

ಸಕಲೇಶಪುರದ ಕಡೆಯ ಹೈಸ್ಕೂಲು ಅಂದಮೇಲೆ ಕೇಳಬೇಕಾ? ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ, ತಮಿಳು, ತುಳು, ಬ್ಯಾರಿ, ಉರ್ದು ಎಲ್ಲ ಮನೆಮಾತಿನವರೂ ಇದ್ದೆವು. ಊಟದ ಬೆಲ್ ಹೊಡೆದರೆ ಮಾತ್ರ ಗುಂಪು ಗುಂಪು. ಎಸ್ಟೇಟಿನ ಕೆಲಸದವರ ಲೈನ್ ಮನೆಗಳಿಂದ ಬರುವವರು ನಲ್ಲಿಯ ಹತ್ತಿರ ಕೂರುತ್ತಿದ್ದರು. ಅಲ್ಲಿಗೆ ಹೋಗಿ ಅಂತ ಯಾರೂ ಹೇಳಿರಲಿಲ್ಲ. ಇಲ್ಲಿ ಬನ್ನಿ ಅಂತಲೂ ಹೇಳಿರಲಿಲ್ಲ.

ಒಂದು ದಿನ ಅವರಲ್ಲೊಬ್ಬ ನನ್ನ ಪಕ್ಕ ಬಂದು ಕೂತ. ನಾನು ಡಬ್ಬಿ ಎತ್ತಿಕೊಂಡು ಆಚೆ ಸರಿದೆ. ಅವನು ಏನೂ ಅನ್ನಲಿಲ್ಲ. ತನ್ನ ಡಬ್ಬಿಗೆ ಮುಚ್ಚಳ ಹಾಕಿ ಎದ್ದು ಹೋದ. ಆ ಮುಚ್ಚಳದ ಸದ್ದು ಈಗಲೂ ಕಿವಿಯಲ್ಲಿದೆ. ನೀತಿಪಾಠ ನಮಗೆ ವಾರವಾರ ಇತ್ತು. ಬಾಯಿಪಾಠವೂ ಆಗಿತ್ತು.

ಮಳೆಗಾಲ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ಖೋ ಖೋ ಟೀಮ್ ಕಟ್ಟಿದರು. ಎಂಟು ಜನ ಸಾಲಾಗಿ ಕೂರಬೇಕು, ಒಬ್ಬನ ಮುಖ ಆ ಕಡೆ, ಇನ್ನೊಬ್ಬನದು ಈ ಕಡೆ. ಓಡಿ ಬಂದವನು ಬೆನ್ನು ಮುಟ್ಟಿ ಖೋ ಅನ್ನಬೇಕು. ಮುಟ್ಟದಿದ್ದರೆ ಫೌಲ್. ಮೊದಲ ದಿನ ನಾನು ಆ ಡಬ್ಬಿಯ ಹುಡುಗನಿಗೆ ಬೆರಳ ತುದಿ ತಾಗಿಸಿ ಖೋ ಅಂದೆ. ಅವನು ಏಳಲೇ ಇಲ್ಲ. "ಗೊತ್ತಾಗ್ಲಿಲ್ಲ ಕಣೋ, ಸರಿಯಾಗಿ ಮುಟ್ಟು" ಅಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಅಂಗೈ ಪೂರ್ತಿ ಇಟ್ಟೆ. ಬಾಣದ ಹಾಗೆ ಎದ್ದು ಓಡಿದ. ವಾರ ಕಳೆಯುವಷ್ಟರಲ್ಲಿ ನಾವೆಲ್ಲ ಒಂದೇ ಚೊಂಬಿನ ನೀರು ಕುಡಿಯುತ್ತಿದ್ದೆವು.

ಸುಮ್ನೆ ಒಟ್ಟಿಗೆ ಕೂರಿಸಿದರೆ ಸಾಲದು ಅಂತ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಎಲ್ಲರೂ ಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಕೂಡಿ ದುಡಿಯಬೇಕು, ಮೇಲಿನವರ ಬೆಂಬಲ ಬೇಕು. ಬಿ.ಎಡ್. ಮಾಡುವಾಗ ಇದನ್ನು ಓದಿ ನನಗೆ ನೆನಪಾಗಿದ್ದು ನಮ್ಮ ಮೇಷ್ಟ್ರ ಸೀಟಿ.

ಆ ವರ್ಷದ ಪ್ರವಾಸ ಶ್ರವಣಬೆಳಗೊಳಕ್ಕೆ. ಸಮಾಜದ ಮೇಡಂ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನದ ವಿಷಯ ಹೇಳಿದರು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಅವನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟನಂತೆ. ಅಷ್ಟಕ್ಕೇ ಬಿಡಲಿಲ್ಲ. ಜೈನರಿಂದ ಮನೆಗೊಂದು ಹಣ (ಆಗಿನ ಒಂದು ನಾಣ್ಯ) ಎತ್ತಿ, ಕಾವಲಿಗೆ 20 ಆಳು ಇಟ್ಟು, ಮಿಕ್ಕಿದ್ದರಲ್ಲಿ ಬಸದಿಗಳಿಗೆ ಸುಣ್ಣ ಹೊಡೆಸುವ ಹೊಣೆ ತಿರುಮಲೆಯ ತಾತಯ್ಯನಿಗೆ, ಅಂದರೆ ವೈಷ್ಣವರಿಗೇ ಬಿತ್ತು. ನನಗೆ ಕೈ ಹಿಡಿಸಿದ್ದಕ್ಕಿಂತ ಈ ಸುಣ್ಣದ ಕೆಲಸವೇ ಜಾಸ್ತಿ ಹಿಡಿಸಿತು.

ಡಬ್ಬಿಯ ವಿಷಯಕ್ಕೆ ಅವನಲ್ಲಿ ನಾನು ಕ್ಷಮೆ ಕೇಳಲೇ ಇಲ್ಲ. ಈ ಸಂಚಿಕೆ ಅವನ ಕೈಗೆ ಸಿಕ್ಕರೆ, ಇಲ್ಲಿ ಕೇಳುತ್ತಿದ್ದೇನೆ.

ಅವತ್ತು ವಿಂಧ್ಯಗಿರಿ ಹತ್ತುವಾಗ ಬಂಡೆ ಕಾದಿತ್ತು. ಬರಿಗಾಲು. ಅರ್ಧ ದಾರಿಗೆ ಸುಸ್ತಾಗಿ ನಿಂತೆ. ಹಿಂದಿನಿಂದ ಬೆನ್ನಿಗೆ ಒಂದು ಅಂಗೈ ಬಿತ್ತು. "ಖೋ!" ಅಂದ.