ಹಳೆಯ ಓಣಿಯಲ್ಲಿ ಹೊಸ ಗೋಡೆ

ಬೀದರಿನ ಹಳೆಯ ಊರಿನಲ್ಲಿ ಮನೆ ಕಟ್ಟಿಸಬೇಕೆಂದು ನಮ್ಮಲ್ಲಿಗೆ ಬರುವವರು ನಕ್ಷೆಗಿಂತ ಮೊದಲು ಕೇಳುವುದು ಎಲಿವೇಶನ್ನನ್ನು. ಮುಂಭಾಗ ಹೇಗಿರಬೇಕೆಂದು ತೋರಿಸಲು ಅವರ ಮೊಬೈಲಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಚಿತ್ರಗಳಿರುತ್ತವೆ. ಒಂದರಲ್ಲಿ ನೀಲಿ ಗಾಜು ಮತ್ತು ಗೋಡೆಗೆ ಹೊದಿಸುವ ಎಸಿಪಿ ಎಂಬ ಅಲ್ಯೂಮಿನಿಯಂ ಶೀಟು, ಇನ್ನೊಂದರಲ್ಲಿ ಕಮಾನು, ಗುಮ್ಮಟ ಮತ್ತು ಜಾಲಿ. ಎರಡನೆಯದನ್ನು ತೋರಿಸುವವರು "ನಮ್ಮೂರಿಗಿ ಹೊಂದಂಗ ಇರ್ಲಿ ಅಂತ" ಎಂದು ಸೇರಿಸುತ್ತಾರೆ. ಅವರ ಕಳಕಳಿ ನಿಜವಾದದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕಾಂಕ್ರೀಟಿನ ಚೌಕಟ್ಟಿಗೆ ಮುಂದಿನಿಂದ ಅಂಟಿಸಿದ ಫೈಬರ್ ಕಮಾನು ನೀಲಿ ಗಾಜಿನಷ್ಟೇ ಈ ಊರಿಗೆ ಪರಕೀಯವೆಂದು ನಾನು ತಿಳಿದಿದ್ದೇನೆ. ಏಕೆಂದರೆ ಹಳೆಯ ಬೀದರಿನ ವಾಸದ ಮನೆಗಳು ಬೀದಿಗೆ ಕಮಾನುಗಳ ಮೆರವಣಿಗೆಯನ್ನು ತೋರಿಸುತ್ತಿರಲಿಲ್ಲ. ಅರಮನೆಗೆ, ಮಸೀದಿಗೆ, ಗೋರಿಗೆ ಸಲ್ಲುವ ಅಲಂಕಾರವನ್ನು ಕಿರಾಣಿ ವ್ಯಾಪಾರಿಯ ಮನೆಗೆ ತೊಡಿಸಿದರೆ, ಅದು ಊರಿನ ರೀತಿಯನ್ನು ಉಳಿಸಿದಂತಾಗದೆ ಊರಿನ ಮರ್ಯಾದೆಯ ಶ್ರೇಣಿಯನ್ನೇ ಕಲಸಿದಂತಾಗುತ್ತದೆ.

ಹಾಗಾದರೆ ಹೊಂದುವುದು ಎಂದರೇನು? ಊರ ನಡುವಿನ ಕಾವಲು ಗೋಪುರವಾದ ಚೌಬಾರಾದಿಂದ ಮಹಮೂದ್ ಗವಾನನ ಮದರಸಾದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಪಕ್ಕದ ಯಾವುದಾದರೂ ಓಣಿಗೆ ಹೊರಳಿ ನಿಂತು ನೋಡಿದರೆ ಉತ್ತರ ಅಲ್ಲಿಯೇ ಇದೆ. ಮನೆಗಳ ಗೋಡೆ ನೇರವಾಗಿ ಓಣಿಯ ಅಂಚಿಗೇ ಬಂದು ನಿಲ್ಲುತ್ತದೆ, ಮುಂದೆ ಖಾಲಿ ಜಾಗವೆಂಬುದಿಲ್ಲ. ಗೋಡೆಯ ಬುಡಕ್ಕೆ ಹತ್ತಿ ಕೂರಲು ಬರುವಷ್ಟು ಎತ್ತರದ ಕಟ್ಟೆ, ಅದರ ಮೇಲೆ ಕೂತು ಕೂತು ನುಣುಪಾದ ಪರಸಿ ಕಲ್ಲು. ಬಾಗಿಲು ಗೋಡೆಯ ಮುಖದಿಂದ ಒಂದು ಗೇಣು ಒಳಗಿರುತ್ತದೆ, ತಲೆ ತಗ್ಗಿಸಿ ಹೋಗಬೇಕು. ಕಿಟಕಿಗಳು ಕಡಿಮೆ, ಇದ್ದರೂ ತಲೆಯ ಮಟ್ಟದಿಂದ ಮೇಲೆ. ಉಳಿದದ್ದೆಲ್ಲ ಎರಡು ಅಡಿ ದಪ್ಪದ ಕೆಂಪುಕಲ್ಲಿನ ಮೇಲೆ ಸುಣ್ಣದ ಗಿಲಾವು ಹೊದ್ದ ಸಾದಾ ಗೋಡೆ. ಮನೆಯ ಸೊಗಸೆಲ್ಲ ಒಳಗಿದೆ: ಅಂಗಳ, ಅದರ ಸುತ್ತ ಪಡಸಾಲೆ, ಮರದ ಕಂಬ, ಜಂತಿ. ಓಣಿಗೆ ಸಿಗುವುದು ಒಂದು ನೇರವಾದ ಅಂಚು, ಕೂರಲು ಒಂದು ಕಟ್ಟೆ ಮತ್ತು ಎದುರು ಮನೆಯ ನೆರಳು. ಈ ಮೂರನ್ನು ಉಳಿಸಿಕೊಂಡ ಹೊಸ ಮನೆಯು ಯಾವ ಶೈಲಿಯದಾಗಿದ್ದರೂ ಓಣಿಯ ಸಾಲಿನಲ್ಲಿ ಕೂರುತ್ತದೆ. ಇವನ್ನು ಕಳೆದ ಮನೆ ಎಷ್ಟು ಕಮಾನು ಹೊತ್ತಿದ್ದರೂ ಸಾಲಿನಲ್ಲಿ ಬಿದ್ದ ಹಲ್ಲಿನಂತೆ ಕಾಣುತ್ತದೆ.

ಕಟ್ಟೆಯ ವಿಷಯದಲ್ಲಿಯೇ ಹೆಚ್ಚು ವಾದ ನಡೆಯುತ್ತದೆ. ಹಳೆಯ ಮನೆ ಬೀಳಿಸಿ ಹೊಸದು ಕಟ್ಟಿಸುತ್ತಿದ್ದ ಹಿರಿಯರೊಬ್ಬರು, "ಕಟ್ಟಿ ತೆಗದ್ರ ಎರಡು ಗಾಡಿ ನಿಲ್ತಾವ್ ನೋಡ್ರಿ ಇಂಜಿನೀರ್ ಸಾಹೇಬ್ರ" ಎಂದರು. "ಗಾಡಿ ನಿಲ್ತಾವ್ ಖರೆ ಕಾಕಾ, ಸಂಜಿಗಿ ನೀವೆಲ್ಲಿ ಕೂಡ್ತೀರಿ?" ಎಂದು ಕೇಳಿದೆ. ಅವರು ನಕ್ಕರು, ಆದರೆ ಗಾಡಿಯ ಪ್ರಶ್ನೆ ನಗುವಿನಿಂದ ತೀರುವಂಥದ್ದಲ್ಲ. ಕೊನೆಗೆ ಬಾಗಿಲಿನ ಒಂದು ಬದಿಗೆ ಕಟ್ಟೆಯನ್ನು ಉಳಿಸಿ, ಇನ್ನೊಂದು ಬದಿಗೆ ಮೋಟಾರ್ ಸೈಕಲ್ ಒಳಗೇ ಹೋಗುವಂತೆ ಅಗಲವಾದ ಎರಡನೇ ಬಾಗಿಲನ್ನು ಇಟ್ಟೆವು. ಅದಕ್ಕೆ ರೋಲಿಂಗ್ ಶಟರ್ ಬೇಡವೆಂದು ಹೇಳಿ ಕಟ್ಟಿಗೆಯ ಕದಗಳನ್ನೇ ಹಾಕಿಸಿದೆವು. ಹಳೆಯ ಊರಿನಲ್ಲಿ ವಿನ್ಯಾಸವೆಂದರೆ ಬಹುಪಾಲು ಇಂಥ ಚೌಕಾಸಿಯೇ ಆಗಿರುತ್ತದೆ.

ಕರಾವಳಿಯ ಹಳೆಯ ಪಟ್ಟಣಗಳು ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿವೆ. ಅಮೆರಿಕದ ಚಾರ್ಲ್ಸ್‌ಟನ್ 1931ರಲ್ಲಿಯೇ ತನ್ನ ಹಳೆಯ ಭಾಗವನ್ನು ಪ್ರತ್ಯೇಕ ವಲಯವಾಗಿ ಗುರುತಿಸಿ, ಕಟ್ಟಡಗಳ ಹೊರರೂಪವನ್ನು ಪರಿಶೀಲಿಸಲು ಒಂದು ಮಂಡಳಿಯನ್ನು ನೇಮಿಸಿತು. ನಮಗೆ ಹತ್ತಿರದ ಉದಾಹರಣೆ ಪುದುಚೇರಿ. ಒಂದು ಕಾಲುವೆ ಊರನ್ನು ಎರಡಾಗಿ ಸೀಳುತ್ತದೆ. ಸಮುದ್ರದ ಕಡೆಗೆ ಫ್ರೆಂಚರ ಭಾಗ, ಒಳನಾಡಿನ ಕಡೆಗೆ ತಮಿಳರ ಭಾಗ. ಫ್ರೆಂಚರ ಬೀದಿಯಲ್ಲಿ ಎತ್ತರದ ಕಾಂಪೌಂಡ್ ಗೋಡೆಯೇ ಬೀದಿಯ ಮುಖ, ಮನೆ ಅದರ ಹಿಂದಿನ ತೋಟದಲ್ಲಿ ಅಡಗಿರುತ್ತದೆ. ತಮಿಳರ ಬೀದಿಯಲ್ಲಿ ಪ್ರತಿ ಮನೆಯ ಮುಂದೆ ತಿಣ್ಣೈ ಎಂಬ ಜಗಲಿ, ಅದರ ಮುಂದೆ ಕಂಬಗಳ ಮೇಲೆ ಇಳಿಜಾರು ಮಾಡು ಹೊತ್ತ ತಾಳ್ವಾರಂ, ಅಂದರೆ ದಾರಿಹೋಕರಿಗೂ ನೆರಳು ಕೊಡುವ ಬೀದಿಯ ಪಡಸಾಲೆ. ಪರಂಪರೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ 1984ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ವೈಶ್ಯಾಳ್ ಬೀದಿಯಲ್ಲಿ ನಡೆದ ಸಂರಕ್ಷಣೆಗೆ 2008ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂತು. ಬೀದಿಯ ಉದ್ದಕ್ಕೆ ನಡೆದಾಗ ನನ್ನ ಗಮನಕ್ಕೆ ಬಂದದ್ದು ಯಾವುದೋ ಒಂದು ಚೆಂದದ ಮನೆಯಲ್ಲ. ತಾಳ್ವಾರದ ಸಾಲು ಕಡಿಯದೆ ಮುಂದುವರಿಯುವುದರಿಂದ, ಕೆಲವು ಮನೆಗಳು ಸಾಧಾರಣವಾಗಿದ್ದರೂ ಬೀದಿ ಬೀದಿಯಾಗಿಯೇ ಉಳಿಯುತ್ತದೆ.

ಪುದುಚೇರಿಯಲ್ಲಿ ನಾನು ಅತ್ಯಂತ ಹೊತ್ತು ನಿಂತದ್ದು ಮಾತ್ರ ಹಳೆಯ ಕಟ್ಟಡದ ಮುಂದೆ ಅಲ್ಲ. ಶ್ರೀ ಅರವಿಂದಾಶ್ರಮದ ಗೋಲ್ಕೊಂಡೆ ಎಂಬ ವಸತಿಗೃಹವನ್ನು 1930ರ ದಶಕದ ಉತ್ತರಾರ್ಧದಲ್ಲಿ ಕಟ್ಟಲು ಆರಂಭಿಸಿದಾಗ ಅದು ಆ ಊರು ಎಂದೂ ಕಂಡಿರದ ವಸ್ತುವಾಗಿತ್ತು. ಟೋಕಿಯೊದಲ್ಲಿ ಕಚೇರಿಯಿದ್ದ ಆಂಟೊನಿನ್ ರೇಮಂಡ್ ಅದರ ವಿನ್ಯಾಸಕಾರ. ಮುಂದೆ ಮರದ ಪೀಠೋಪಕರಣಗಳಿಗೆ ಹೆಸರಾದ ಜಾರ್ಜ್ ನಕಾಶಿಮಾ ಸ್ಥಳದಲ್ಲಿದ್ದು ಕೆಲಸ ನೋಡಿಕೊಂಡವರು. ಭಾರತದ ಮೊದಮೊದಲ ಬಲವರ್ಧಿತ ಕಾಂಕ್ರೀಟ್ ಕಟ್ಟಡಗಳಲ್ಲಿ ಅದೂ ಒಂದು. ಒಂದು ಕಮಾನಿಲ್ಲ, ಒಂದು ಫ್ರೆಂಚ್ ಕಂಬವಿಲ್ಲ. ಉತ್ತರ ಮತ್ತು ದಕ್ಷಿಣದ ಮುಖಗಳ ಉದ್ದಗಲಕ್ಕೂ ಕೈಯಿಂದ ತಿರುಗಿಸಬಹುದಾದ ಅಡ್ಡಪಟ್ಟಿಗಳಿವೆ. ಕೋಣೆ ಮತ್ತು ಮೊಗಸಾಲೆಗಳ ನಡುವೆ ಗಾಳಿಯಾಡುವ ತೇಗದ ಸರಿಬಾಗಿಲುಗಳಿವೆ, ಮೇಲೆ ಬಾಗಿದ ಕಾಂಕ್ರೀಟ್ ಹೆಂಚುಗಳ ಇಮ್ಮಡಿ ಚಾವಣಿಯಿದೆ. ಬಿಸಿಲು ಒಳಗೆ ಬರುವುದಿಲ್ಲ, ಸಮುದ್ರದ ಗಾಳಿ ನಿಲ್ಲುವುದಿಲ್ಲ. ಬೀದಿಗೆ ಅದು ತೋರಿಸುವುದು ನೆರೆಯವರಂತೆಯೇ ಒಂದು ಕಾಂಪೌಂಡ್ ಗೋಡೆಯನ್ನು, ಅದರ ಹಿಂದೆ ಮರಗಳನ್ನು. ಆ ಊರಿನ ಬೀದಿಯ ನಡತೆಯನ್ನು ಅದು ಪಾಲಿಸಿತು, ವೇಷವನ್ನು ಮಾತ್ರ ತನ್ನದೇ ಇಟ್ಟುಕೊಂಡಿತು.

ಬೀದರಿನವನಾಗಿ ಇಲ್ಲೊಂದು ಮಾತು ಹೇಳದೆ ಇರಲಾರೆ. ಆ ಕಟ್ಟಡಕ್ಕೆ ಗೋಲ್ಕೊಂಡೆ ಎಂದು ಹೆಸರು ಬಂದದ್ದು, ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ನಿಜಾಮರ ಕಡೆಯಿಂದ ದೇಣಿಗೆ ಬಂದುದರಿಂದ. ಆಗ ನಮ್ಮ ಜಿಲ್ಲೆಯೂ ಅದೇ ಸಂಸ್ಥಾನದಲ್ಲಿತ್ತು. ನಮ್ಮ ಅಜ್ಜಂದಿರು ಕಟ್ಟಿದ ಕಂದಾಯದ ಒಂದೆರಡು ಕಾಸು ಪುದುಚೇರಿಯ ಆ ಗೋಡೆಗಳಲ್ಲಿಯೂ ಸೇರಿರಬಹುದೆಂದು ಗೆಳೆಯರ ಮುಂದೆ ತಮಾಷೆ ಮಾಡುವುದುಂಟು.

ಆದರೆ ಗೋಲ್ಕೊಂಡೆಯನ್ನು ಎತ್ತಿ ತಂದು ಬೀದರಿನಲ್ಲಿ ಇಟ್ಟರೆ ಅದು ಮೇ ತಿಂಗಳಲ್ಲಿ ವಾಸಕ್ಕೆ ಬಾರದ ಮನೆಯಾಗುತ್ತದೆ. ಕರಾವಳಿಯ ಹವೆ ತೇವದ್ದು. ಮೈಮೇಲಿನ ಬೆವರು ಆರಬೇಕಾದರೆ ಹಗಲಿರುಳೂ ಗಾಳಿ ಆಡುತ್ತಿರಬೇಕು, ಆದುದರಿಂದ ಅಲ್ಲಿ ಗೋಡೆ ತೆಳುವಾಗಿ ತೆರೆದಿರಬೇಕು. ನಮ್ಮ ಬೇಸಿಗೆ ಒಣಗಿದ್ದು. ಮಧ್ಯಾಹ್ನದ ಗಾಳಿ ಒಲೆಯ ಬಾಯಿಯಿಂದ ಬಂದಂತಿರುತ್ತದೆ, ರಾತ್ರಿ ಮಾತ್ರ ಈ ಎತ್ತರದ ನೆಲ ಬೇಗ ತಣಿಯುತ್ತದೆ. ಇಲ್ಲಿ ಹಗಲು ಮನೆಯನ್ನು ಮುಚ್ಚಿಟ್ಟು ರಾತ್ರಿ ತೆರೆಯಬೇಕು. ದಪ್ಪ ಗೋಡೆ ಹಗಲಿನ ಕಾವನ್ನು ತಾನು ಹೀರಿ ಒಳಕ್ಕೆ ದಾಟಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆ ಹೊತ್ತಿಗೆ ಅಂಗಳದ ಮೇಲಿನ ತೆರೆದ ಆಕಾಶಕ್ಕೆ ಕಾವು ಬಿಟ್ಟುಕೊಟ್ಟು ತಂಪಾದ ಗಾಳಿ ಪಡಸಾಲೆಗೆ ಇಳಿಯುತ್ತದೆ. ಇಷ್ಟು ಗೊತ್ತಿದ್ದೂ ನಾವು ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ, ಅಂಗಳವನ್ನು "ಜಾಗ ವೇಸ್ಟ್" ಎಂದು ಸ್ಲ್ಯಾಬ್ ಹಾಕಿ ಮುಚ್ಚಿ, ಪಶ್ಚಿಮಕ್ಕೆ ಗಾಜು ಇಟ್ಟು, ಪ್ರತಿ ಕೋಣೆಗೂ ಏರ್ ಕೂಲರ್ ಕೊಳ್ಳುತ್ತೇವೆ.

ಕರಾವಳಿಯ ಅನುಕರಣೆ ಇನ್ನೊಂದು ದಾರಿಯಿಂದಲೂ ನಮ್ಮಲ್ಲಿಗೆ ಬಂದಿದೆ. ಹೆದ್ದಾರಿಯ ಪಕ್ಕದ ಧಾಬಾ ಮತ್ತು ರಿಸಾರ್ಟುಗಳ ಮೇಲೆ ಮಂಗಳೂರು ಹೆಂಚಿನ ಮಾಡು ಈಗ "ಟ್ರೆಡಿಶನಲ್" ಎನಿಸಿಕೊಂಡಿದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿದ ಹೆಂಚು ಅದು, ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯನ್ನು ಇಳಿಸಲು ಹುಟ್ಟಿದ ಇಳಿಜಾರು. ಅದರ ಮೂರನೆಯ ಒಂದು ಭಾಗದಷ್ಟೂ ಮಳೆ ಬಾರದ ಬೀದರಿನಲ್ಲಿ ಮಾಳಿಗೆ ಸಪಾಟಾಗಿರುವುದೇ ಸರಿ. ಬೇಸಿಗೆಯ ರಾತ್ರಿ ಮಲಗುವುದು ಅದರ ಮೇಲೆ, ಹಪ್ಪಳ ಸಂಡಿಗೆ ಮೆಣಸಿನಕಾಯಿ ಒಣಗುವುದು ಅದರ ಮೇಲೆ. ವಿಚಿತ್ರವೆಂದರೆ, ಕರಾವಳಿಯವರು ಮುರಕಲ್ಲು ಎನ್ನುವ ಕಲ್ಲು ಮತ್ತು ನಾವು ಕೆಂಪುಕಲ್ಲು ಎನ್ನುವ ಕಲ್ಲು ಒಂದೇ ಜಾತಿಯದು. ಗೋಡೆಗೆ ಇಬ್ಬರಿಗೂ ಒಂದೇ ಕಲ್ಲು ಸಿಕ್ಕಿದ್ದರೂ ಮೇಲ್ಭಾಗದಲ್ಲಿ ಎರಡು ಊರುಗಳು ಬೇರೆಯಾದದ್ದು ಆಕಾಶದ ಕಾರಣದಿಂದ.

ಈ ಕಲ್ಲಿನ ಗುಣ ತಿಳಿಯದವರು ಹಳೆಯ ಊರಿನಲ್ಲಿ ಕೆಲಸ ಹಿಡಿಯಬಾರದು. ನೆಲದಿಂದ ತೆಗೆದ ಹೊಸತರಲ್ಲಿ ಅದು ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದಿರುವುದು ಇದೇ ಕಲ್ಲಿನಲ್ಲಿ. ಮೈತುಂಬ ತೂತುಗಳಿರುವುದರಿಂದ ಅದು ನೀರು ಕುಡಿಯುತ್ತದೆ, ಕುಡಿದದ್ದನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಸುಣ್ಣದ ಗಿಲಾವಿನ ಮೂಲಕ ಆ ತೇವ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಉಬ್ಬಿ, ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬಂದು, ಕೊನೆಗೆ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಹಲಗೆಯಂತೆ ಕಳಚುತ್ತದೆ. ಸುಣ್ಣವನ್ನು ಗುಂಡಿಯಲ್ಲಿ ಕೊಳೆಹಾಕಿ, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಸೇರಿಸಿ ಗಚ್ಚು ಅರೆಯಬಲ್ಲ ಗೌಂಡಿಗಳು ಈಗ ಹುಡುಕಿದರೆ ಮಾತ್ರ ಸಿಗುತ್ತಾರೆ. ಕಾಂಕ್ರೀಟಿನ ಮೇಲೆ ನನಗೆ ಹಗೆಯಿಲ್ಲ, ಗೋಲ್ಕೊಂಡೆಯೇ ಕಾಂಕ್ರೀಟಿನದು. ಹೊಸ ಮನೆಗೆ ಕಾಂಕ್ರೀಟಿನ ಚಾವಣಿ ಹಾಕಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ ಕೊಟ್ಟು ಬಿಳಿ ಬಳಿದರೆ ಸಾಕಷ್ಟು ಕಾವು ತಡೆಯುತ್ತದೆ. ಹಳೆಯ ಗೋಡೆಗೆ ತಾಗುವ ಕಡೆ ಮಾತ್ರ ಸಿಮೆಂಟನ್ನು ದೂರವಿಡಬೇಕು.

ಹೊಸದೆಂದರೆ ಅಂಜುತ್ತ ಮೂಲೆ ಸೇರಬೇಕೆಂದು ಯಾರಾದರೂ ಹೇಳಿದರೆ ನಾನು ಮಹಮೂದ್ ಗವಾನನ ಮದರಸಾದತ್ತ ಕೈ ತೋರಿಸುತ್ತೇನೆ. ಕ್ಯಾಸ್ಪಿಯನ್ ತೀರದ ಗೀಲಾನಿನಲ್ಲಿ ಹುಟ್ಟಿ, 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು, ಬಹಮನಿಗಳ ಪ್ರಧಾನಿಯಾದ ವ್ಯಕ್ತಿ ಆತ. 1472ರಲ್ಲಿ ಆತ ಮುಗಿಸಿದ ಮದರಸಾ ಮೂರು ಅಂತಸ್ತಿನದು, ಪರ್ಶಿಯಾದ ಮಾದರಿಯದು. ನೀಲಿ, ಹಳದಿ, ಬಿಳಿಯ ಹೊಳಪು ಬಿಲ್ಲೆಗಳನ್ನು ಹೊತ್ತ ಅದರ ಮುಖ ಅಂದಿನ ಬೀದರಿಗರಿಗೆ ಎಷ್ಟು ಹೊಸದಾಗಿ ಕಂಡಿರಬೇಕು! ಔರಂಗಜೇಬನ ಕಾಲದ ಸ್ಫೋಟದಲ್ಲಿ ಒಂದು ಮಿನಾರು ಮತ್ತು ಮುಂಭಾಗದ ಬಹುಭಾಗ ಕುಸಿದರೂ ಉಳಿದ ಮಿನಾರಿನ ಮೈಮೇಲೆ ಬಿಲ್ಲೆಗಳ ತುಣುಕುಗಳನ್ನು ಇಂದಿಗೂ ಕಾಣಬಹುದು. ಆದರೂ ಅದು ಊರಿನ ಮುಖ್ಯ ರಸ್ತೆಗೆ ಮುಖ ಮಾಡಿ, ಕೋಟೆ ಮತ್ತು ಚೌಬಾರಾದ ನಡುವೆ ತನ್ನ ಸ್ಥಾನ ಅರಿತು ನಿಂತಿದೆ. ಅಂಥ ಸ್ಥಾನ ಒಂದು ಊರಿನಲ್ಲಿ ಕೆಲವೇ ಕಟ್ಟಡಗಳಿಗೆ ಸಲ್ಲುತ್ತದೆ. ಉಳಿದ ಸಾವಿರ ಮನೆಗಳು ಸುಮ್ಮನೆ ಸಾಲಿನಲ್ಲಿ ನಿಂತಾಗಲೇ ಮದರಸಾ ಮದರಸಾದಂತೆ ಕಾಣುವುದು.

ನೆಲದ ಕೆಳಗಿನ ಊರನ್ನೂ ಮರೆಯುವಂತಿಲ್ಲ. ಬೀದರ್ ಕೆಂಪುಕಲ್ಲಿನ ದಪ್ಪ ಹೊದಿಕೆಯ ಮೇಲೆ ಕುಳಿತಿದೆ, ಅದರಡಿ ಕಪ್ಪು ಬಂಡೆಯಿದೆ. ಮಳೆಯ ನೀರು ಮೇಲಿನ ತೂತುಕಲ್ಲಿನಲ್ಲಿ ಇಂಗಿ ಕೆಳಗಿನ ಬಂಡೆಯನ್ನು ಭೇದಿಸಲಾರದೆ ಅಡ್ಡಕ್ಕೆ ಹರಿಯುತ್ತದೆ. ಬಹಮನಿಗಳ ಕಾಲದ ಕರೇಜ್, ನಮ್ಮವರು ಸುರಂಗ ಬಾವಿ ಎನ್ನುವುದು, ಈ ನೀರನ್ನೇ ಹಿಡಿದು ಇಳಿಜಾರಿನ ಸುರಂಗದಲ್ಲಿ ಊರಿಗೆ ತಂದಿತು. ನೌಬಾದಿನಲ್ಲಿ ಸುರಂಗದ ನೆತ್ತಿಯ ಮೇಲೆ ಗಾಳಿಬಾವಿಗಳು ಸಾಲಾಗಿ ಬಾಯಿ ತೆರೆದಿವೆ. ಅಂಥ ಬಾವಿಯೊಂದನ್ನು ಮಣ್ಣಿನಿಂದ ತುಂಬಿ ಅದರ ಮೇಲೆ ಬುನಾದಿ ಹಾಕುವವನಿಗೆ ತಾನು ಇಡೀ ಸಾಲಿನ ನೀರನ್ನು ತಡೆಯುತ್ತಿದ್ದೇನೆಂಬುದು ತಿಳಿದಿರುವುದಿಲ್ಲ. ಸೆಲ್ಲಾರಿಗೆ ಆಳವಾಗಿ ಅಗೆಯುವುದು, ಶೌಚದ ಗುಂಡಿಯನ್ನು ತಳವಿಲ್ಲದೆ ಬಿಡುವುದು, ಇವೂ ಅಷ್ಟೇ ಅಪಾಯ. ಎಲಿವೇಶನ್ ಎಷ್ಟೇ ಚೆಂದವಿರಲಿ, ಕರೇಜಿನ ನೆತ್ತಿ ಒಡೆದ ಮನೆ ಈ ಊರಿಗೆ ಹೊಂದಿದ ಮನೆಯಲ್ಲ.

ಕಾನೂನು ಇದರಲ್ಲಿ ಅರ್ಧ ಮಾತ್ರ ನೆರವಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಇದು ಸ್ಮಾರಕವನ್ನು ಕಾಯುತ್ತದೆ, ಓಣಿಯನ್ನು ಕಾಯುವುದಿಲ್ಲ. ವಲಯದ ಗೆರೆಯ ಆಚೆ ಇರುವ ನೂರು ವರ್ಷದ ಮನೆಯನ್ನು ಒಂದೇ ದಿನದಲ್ಲಿ ಜೆಸಿಬಿ ನೆಲಸಮ ಮಾಡಬಹುದು, ಮೂರು ನಿವೇಶನ ಕೂಡಿಸಿ ಒಂದೇ ಉದ್ದದ ಶಟರ್ ಸಾಲು ಎಬ್ಬಿಸಬಹುದು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಪಾಯದಲ್ಲಿರುವ ಪರಂಪರೆಯ ತಾಣಗಳ ತನ್ನ 2014ರ ಗಮನಪಟ್ಟಿಗೆ ಬೀದರಿನ ಹಳೆಯ ನಗರವನ್ನು ಸೇರಿಸಿದಾಗ ನಮ್ಮಲ್ಲಿ ಒಂದಿಷ್ಟು ಉತ್ಸಾಹ ಕಾಣಿಸಿತು. ಆದರೆ ಪಟ್ಟಿಯಲ್ಲಿರುವುದರಿಂದ ಗೋಡೆ ನಿಲ್ಲುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಹಳೆಯ ಊರಿನೊಳಗೆ ಕಟ್ಟಡ ಪರವಾನಗಿ ಕೊಡುವಾಗ ಆ ಓಣಿಯ ಒಂದು ಹಾಳೆ ಅಳತೆಯನ್ನೂ ಕೊಡಲಿ: ಗೋಡೆಯ ಅಂಚು ಎಲ್ಲಿ ಬರಬೇಕು, ಕಟ್ಟೆಯ ಎತ್ತರ ಎಷ್ಟು, ನೆರೆಯ ಮನೆಗಳ ಮಾಳಿಗೆ ಎಲ್ಲಿಗೆ ನಿಲ್ಲುತ್ತದೆ, ಕೆಳಗೆ ಕರೇಜ್ ಹಾದಿದೆಯೇ ಇಲ್ಲವೇ. ಹೊಸ ಬಡಾವಣೆಗೆಂದು ಬರೆದ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗದ) ಲೆಕ್ಕವನ್ನು ಅಲ್ಲಿ ಒತ್ತಾಯಿಸದಿರಲಿ. ಮುಂಭಾಗಕ್ಕೆ ಯಾವ ಬಣ್ಣ, ಕಿಟಕಿಗೆ ಯಾವ ಆಕಾರ ಎಂಬುದನ್ನು ಮನೆಯವರಿಗೇ ಬಿಡಬಹುದು.