ಕೊನೆಗೂ ತಿರುಗಿಸಿದಲ್ಲೇ ನಿಂತ ರಿಯರ್ ಸೈಟ್

ಏರ್ ಪಿಸ್ತೂಲಿನ ರಿಯರ್ ಸೈಟನ್ನು (ಗುರಿ ಹಿಡಿಯಲು ಹಿಂಬದಿಯಲ್ಲಿ ಕೂರಿಸುವ ಸಾಧನ) ಆರು ಕ್ಲಿಕ್, ಅಂದರೆ ಸ್ಕ್ರೂವಿನ ಆರು ಹೆಜ್ಜೆ, ಮೇಲಕ್ಕೆ ತಿರುಗಿಸಿದರೆ ಪೆಲೆಟ್ (ಸಣ್ಣ ಗುಂಡು) ಒಂದು ಸೆಂಟಿಮೀಟರ್ ಏರಬೇಕು. ಏರಲಿಲ್ಲ. ಮತ್ತೊಂದು ಹೊಡೆದೆ, ಅದೇ ಜಾಗ. ಅದರ ಮುಂದಿನದು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿತು. ಸ್ಪ್ರಿಂಗ್ ಬಲದಿಂದ ಗಾಳಿ ಒತ್ತಿ ಹೊಡೆಯುವ ಸ್ಪ್ರಿಂಗ್ ಪಿಸ್ತೂಲಿಗೆ ಅಡ್ಜಸ್ಟಬಲ್ ರಿಯರ್ ಸೈಟ್ ಹಾಕಿದವರೆಲ್ಲ ಈ ಕಾಟ ಅನುಭವಿಸಿರುತ್ತೀರಿ. ನಿನ್ನೆ ಇದು ಬಗೆಹರಿಯಿತು.

ಕೂರಿಸಿದ ಕಥೆ ಬೇಡ. ಆದರೆ ಒಂದು ಸಿಟ್ಟು ಹೇಳಿಯೇ ತೀರಬೇಕು. ‘11 ಮಿ.ಮೀ. ಡವ್‌ಟೇಲ್’ (ಸೈಟ್ ಕಚ್ಚಿ ಕೂರುವ ಇಳಿಜಾರು ಅಂಚಿನ ಹಳಿ) ಅಂತ ಬರೆದು ಮಾರುವವರು ಕ್ಲ್ಯಾಂಪಿನ ಕೋನ ಎಷ್ಟು ಅಂತ ಹೇಳುವುದೇ ಇಲ್ಲ. 45 ಡಿಗ್ರಿ, 60 ಡಿಗ್ರಿ ಎರಡೂ ಚಾಲ್ತಿಯಲ್ಲಿವೆ. ಒಂದಕ್ಕೊಂದು ಹೊಂದದಿದ್ದರೆ ಅಂಚು ಮಾತ್ರ ಕಚ್ಚುತ್ತದೆ. ಕೇಳಿದರೆ "ಎಲ್ಲದಕ್ಕೂ ಕೂರುತ್ತೆ ಸರ್". ದುಡ್ಡು ಕೊಟ್ಟವನಿಗೆ ಒಂದು ಅಳತೆ ಹೇಳಲು ಏನು ಕಷ್ಟ? ಕೊನೆಗೆ ತುಮಕೂರಿನ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಾಡಿಸಿ ಸರಿಪಡಿಸಿದೆ.

ಈಗ ಅಸಲು ವಿಷಯ. ಸೈಟಿನ ಎಲೆಯನ್ನು (ಏರಿಳಿಯುವ ತಗಡು) ಸ್ಕ್ರೂ ಕೆಳಕ್ಕೆ ಒತ್ತುತ್ತದೆ, ಅಡಿಯ ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತದೆ. ಇಳಿಸುವಾಗ ಸ್ಕ್ರೂವಿನ ಬಲ ಇದೆ. ಏರಿಸುವಾಗ ಸ್ಕ್ರೂ ಜಾಗ ಬಿಟ್ಟುಕೊಡುತ್ತದೆ ಅಷ್ಟೇ, ಎತ್ತಬೇಕಾದ್ದು ಸ್ಪ್ರಿಂಗ್. ಅದು ಸೋತರೆ ಎಲೆ ತುಕ್ಕು ಹಿಡಿದ ಬಾಗಿಲ ಕೀಲಿನಂತೆ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲು ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಬಡಿದಾಗ ಮುಂದಕ್ಕೆ ಜಗ್ಗುತ್ತದಲ್ಲ, ಆ ಎರಡು ಏಟಿಗೆ ಎಲೆ ತನಗೆ ಬೇಕಾದಾಗ ಮೇಲೇಳುತ್ತದೆ.

ಎಲೆಯನ್ನು ಹಿಡಿದಿರುವ ಪಿನ್ನಿನ ಪಕ್ಕದ ಸಡಿಲ ಬೇರೆ. ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದರೆ 0.2 ಮಿ.ಮೀ. ಹಿಂದಿನ, ಮುಂದಿನ ಸೈಟುಗಳ ನಡುವೆ 300 ಮಿ.ಮೀ. ಅಂತರವಿದ್ದರೆ ಇದು ಹತ್ತು ಮೀಟರಿನಲ್ಲಿ ಆರೂವರೆ ಮಿಲಿಮೀಟರಿಗಿಂತ ಹೆಚ್ಚು. ಏರ್ ಪಿಸ್ತೂಲ್ ಟಾರ್ಗೆಟ್ಟಿನ ಉಂಗುರದಿಂದ ಉಂಗುರಕ್ಕೆ ಇರುವುದೇ 8 ಮಿ.ಮೀ.!

2016ರಲ್ಲಿ ಮುಚ್ಚಿದ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಲೂಪ್ ಕಣ್ಣಿಗಿಟ್ಟುಕೊಂಡು, ಎಲೆಯನ್ನು ಉಗುರಿನಿಂದ ಮೀಟಿ, "ಇದಕ್ಕೆ ಸುರುಳಿ ಯಾಕಪ್ಪಾ, ಪಟ್ಟಿ ಹಾಕು" ಅಂದರು. ಹಳೇ ಅಲಾರಂ ಗಡಿಯಾರದ ಮೈನ್‌ಸ್ಪ್ರಿಂಗಿನ ತುಂಡೊಂದನ್ನು ಕತ್ತರಿಸಿ, ಸ್ವಲ್ಪ ಬಾಗಿಸಿ ಎಲೆಯಡಿ ಇಟ್ಟರು. ಪಿನ್ನಿನ ಎರಡೂ ಪಕ್ಕ ಸಂದಿ ತುಂಬಲು ತೆಳು ಹಿತ್ತಾಳೆ ಶಿಮ್. ಈಗ ಪ್ರತಿ ಕ್ಲಿಕ್ಕಿಗೂ ಎಲೆ ಏಳುವುದು ಕಣ್ಣಿಗೇ ಕಾಣುತ್ತದೆ. ಆದರೂ ನಾನು ಬೇಕಾದ್ದಕ್ಕಿಂತ ನಾಲ್ಕು ಕ್ಲಿಕ್ ಮೇಲೆ ಹೋಗಿ, ಕೆಳಗೆ ಬಂದೇ ನಿಲ್ಲಿಸುತ್ತೇನೆ. ನೀವೂ ಹಾಗೇ ಮಾಡಿ.

ಸೈಟ್ ಕೊಳ್ಳುವಾಗ ಕ್ಲಿಕ್ ಎಷ್ಟು ಸಣ್ಣದು ಅಂತ ಕೇಳುವ ಮೊದಲು ಎಲೆಯನ್ನು ಬೆರಳಿನಿಂದ ಅಲ್ಲಾಡಿಸಿ. 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ರಿವಾಲ್ವರಿನ ಹಿಂದಿನ ಸೈಟ್ ಫ್ರೇಮಿನ ಮೇಲೆ ಕೊರೆದ ಒಂದು ತೋಡು ಅಷ್ಟೇ. ತಿರುಗಿಸಲು ಏನೂ ಇಲ್ಲ, ಅಲ್ಲಾಡಲೂ ಏನಿಲ್ಲ. 1955ರಲ್ಲಿ ರೂಗರ್ ಬ್ಲ್ಯಾಕ್‌ಹಾಕ್ ಅದೇ ಬಗೆಯ ರಿವಾಲ್ವರಿಗೆ ಅಡ್ಜಸ್ಟಬಲ್ ಸೈಟ್ ತಂದಾಗ ಅದನ್ನು ಫ್ರೇಮಿನೊಳಗೇ ತಗ್ಗಿಸಿ ಕೂರಿಸಿದರು. ಹೆಚ್ಚು ಚಾಚಿಕೊಳ್ಳದ, ಗಟ್ಟಿ ಉಕ್ಕಿನ ಸೈಟೇ ನನ್ನ ಆಯ್ಕೆ. ಮಿನುಗುವ ಹಸಿರು ಫೈಬರ್ ಚುಕ್ಕಿ ಕಾಗದದ ಟಾರ್ಗೆಟ್ಟಿಗೆ ಖಂಡಿತ ಬೇಡ. ಮುಂದಿನ ಸೈಟಿನ ಕಡ್ಡಿಗೆ ಕರ್ಪೂರದ ಮಸಿ ಹಿಡಿಸಿ ನೋಡಿ, ಅಂಚು ಎಷ್ಟು ಚೊಕ್ಕ ಕಾಣುತ್ತದೆ ಅಂತ!

ಮುಂದೆ ಹಲಸಿನ ಮರದ ಹಿಡಿ. ಹಲಗೆ ಒಣಗುತ್ತಿದೆ, ಅಂಗೈ ಅಚ್ಚು ತೆಗೆದಾಗಿದೆ. ಅದಕ್ಕೂ ಮೊದಲು ಟಾರ್ಗೆಟ್ಟಿನ ನಡುವಿನ 59.5 ಮಿ.ಮೀ. ಕಪ್ಪು ವೃತ್ತದ ಬುಡಕ್ಕೆ ಗುರಿಯಿಟ್ಟರೆ ಪೆಲೆಟ್ ನಡುವಿಗೆ ಬೀಳುವಂತೆ ಸೈಟ್ ಹೊಂದಿಸಬೇಕು. ಅಂದರೆ ಗುರಿಗಿಂತ ಸುಮಾರು 30 ಮಿ.ಮೀ. ಮೇಲೆ. ಸೈಟಿನ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂವಿನಲ್ಲಿ ಇನ್ನೂ ಹದಿನೈದು ಕ್ಲಿಕ್ ಬಾಕಿ ಇವೆ, ಸಾಲದಿದ್ದರೆ ಮುಂದಿನ ಸೈಟಿನ ಕಡ್ಡಿಯನ್ನು ಅರದಿಂದ ಸ್ವಲ್ಪ ಉಜ್ಜುತ್ತೇನೆ.